ಆ್ಯಪ್ ಹೇಳಿದ್ದು ನೀರು ಬರಲಿಲ್ಲ ಅಂತ, ಬೋರ್ಡ್ ಕೆಟ್ಟಿದೆ ಅಂತಲ್ಲ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಮೂರನೇ ಮಹಡಿಯ ಮನೆ. ಮೇಲೆ ತಾರಸಿ. ಒಂದೂವರೆ ವರ್ಷದ ಹಿಂದೆ ಮಗ ವೈಫೈ ಇರುವ ಡಿಶ್‌ವಾಷರ್ ಕೊಡಿಸಿದ. ಅದರ ಹೋಮ್ ಕನೆಕ್ಟ್ ಆ್ಯಪ್ ಇರುವುದು ಅವನ ಫೋನಿನಲ್ಲಿ, ಅವನಿರುವುದು ಜರ್ಮನಿಯಲ್ಲಿ. ದಿನಕ್ಕೆ ಎರಡು ಸಲ ಯಂತ್ರ ಹಾಕುತ್ತೇವೆ, ತಿಂಡಿ ಆದಮೇಲೆ ಅಥವಾ ಸಂಜೆ ಒಮ್ಮೆ, ರಾತ್ರಿ ಊಟದ ನಂತರ ಒಮ್ಮೆ. ಎರಡು ತಿಂಗಳಿಂದ ವಾರಕ್ಕೆ ಎರಡು ಮೂರು ಸಲ ಮಧ್ಯದಲ್ಲೇ ನಿಲ್ಲುತ್ತಿದೆ. ಇ:32-00 ಎಂದು ತೋರಿಸುತ್ತದೆ. ಮತ್ತೆ ಹಾಕಿದರೆ ಕೆಲವೊಮ್ಮೆ ಸರಿಯಾಗಿ ಓಡುತ್ತದೆ. ಬಂದು ನೋಡಿದ ರಿಪೇರಿಯವರು ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ, ಹದಿನಾಲ್ಕು ಸಾವಿರ ಆಗುತ್ತದೆ ಎಂದರು. ಮಗ "ಆ್ಯಪ್‌ನಲ್ಲೇ ಎಲ್ಲ ಗೊತ್ತಾಗುತ್ತೆ ಅಮ್ಮ" ಅನ್ನುತ್ತಾನೆ. ಅವನಿಗೆ ಬಂದ ಸೂಚನೆಗಳ ನಾಲ್ಕು ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. ಬೋರ್ಡ್ ಹಾಕಿಸಲೇ? ಪಾತ್ರೆಗಳ ಮೇಲೆ ಬಿಳಿ ಪುಡಿಯಂಥ ಪದರವೂ ಕಾಣುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಬೋರ್ಡ್ ಸದ್ಯಕ್ಕೆ ಹಾಕಿಸಬೇಡಿ. ನೀವು ಕಳಿಸಿದ ಸ್ಕ್ರೀನ್‌ಶಾಟ್‌ಗಳಲ್ಲಿ ಎಲ್ಲರೂ ಕೋಡ್ ನೋಡಿದ್ದಾರೆ. ನನ್ನ ಕಣ್ಣು ಹೋಗಿದ್ದು ಅದರ ಪಕ್ಕದಲ್ಲಿರುವ ಸಮಯದ ಮೇಲೆ.

ಸೂಚನೆ ಬಂದಿರುವುದು 03:55, 04:20, 04:40 ಮತ್ತು 14:50ಕ್ಕೆ. ಇದು ನಿಮ್ಮ ಮಗನ ಫೋನಿನ ಸಮಯ. ಬೇಸಿಗೆಯಲ್ಲಿ ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ ಇರುತ್ತದೆ. ಹಾಗಾಗಿ ಮೈಸೂರಿನಲ್ಲಿ ಆಗ ಬೆಳಿಗ್ಗೆ 7:25, 7:50, 8:10. ಕೊನೆಯದು ಸಂಜೆ 6:20. ದಿನವೂ ರಾತ್ರಿ ಯಂತ್ರ ಹಾಕುತ್ತೀರಿ, ಆದರೆ ರಾತ್ರಿಯ ಸೂಚನೆ ಒಂದೂ ಇಲ್ಲ. ಬೆಳಿಗ್ಗೆ ಏಳೂವರೆ ಎಂಟು ಅಂದರೆ ಕಟ್ಟಡದಲ್ಲಿ ಎಲ್ಲರೂ ಸ್ನಾನ ಮಾಡುವ ಹೊತ್ತು. ಸಂಜೆ ಆರು ಅಂದರೆ ಇಡೀ ದಿನ ಬಳಸಿ ಟ್ಯಾಂಕ್ ಇಳಿದಿರುವ ಹೊತ್ತು. ಬೋರ್ಡ್ ಗಡಿಯಾರ ನೋಡಿಕೊಂಡು ಕೆಡುವುದಿಲ್ಲ. ನೀರಿನ ಒತ್ತಡ ಮಾತ್ರ ಹೊತ್ತಿಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ.

ಈಗ ಕೋಡ್ ವಿಷಯ. ಹೋಮ್ ಕನೆಕ್ಟ್ ಅನ್ನುವುದು ಬಾಷ್, ಸೀಮೆನ್ಸ್ ಯಂತ್ರಗಳ ಆ್ಯಪ್. ಬಾಷ್, ಸೀಮೆನ್ಸ್‌ನ ಈಚಿನ ಡಿಶ್‌ವಾಷರ್‌ಗಳಲ್ಲಿ ಇ:32-00 ಅಂದರೆ ನೀರು ಒಳಗೆ ಬರುತ್ತಿಲ್ಲ ಎಂದು. ನಲ್ಲಿ ಮುಚ್ಚಿದೆಯೇ, ಪೈಪ್ ಮಡಚಿದೆಯೇ, ಜಾಲರಿ ಕಟ್ಟಿದೆಯೇ ನೋಡಿ ಅನ್ನುತ್ತದೆ ಕೈಪಿಡಿ. ಹಳೆಯ ಮಾದರಿಗಳಲ್ಲಿ ಇದೇ ದೂರಿಗೆ ಇ18 ಎಂದು ಬರುತ್ತಿತ್ತು. ಎಲ್‌ಜಿಯಲ್ಲಿ ಐಇ, ಸ್ಯಾಮ್‌ಸಂಗ್‌ನಲ್ಲಿ 4ಸಿ. ಹೆಸರು ಬೇರೆ, ದೂರು ಒಂದೇ.

ಯಂತ್ರಕ್ಕೆ ಇದು ಹೇಗೆ ಗೊತ್ತಾಗುತ್ತದೆ? ನೀರು ಒಳಗೆ ಬರುವ ದಾರಿಯಲ್ಲಿ ಒಂದು ಪುಟ್ಟ ಚಕ್ರ ಇರುತ್ತದೆ. ನೀರು ಹರಿದರೆ ಅದು ತಿರುಗುತ್ತದೆ. ಎಷ್ಟು ಸುತ್ತು ಸುತ್ತಿತು ಎಂದು ಬೋರ್ಡ್ ಎಣಿಸುತ್ತದೆ. ಅದರಿಂದಲೇ ಎಷ್ಟು ನೀರು ಬಂತು ಎಂದು ಲೆಕ್ಕ. ಒಂದು ಸಲ ತುಂಬಿಕೊಳ್ಳಲು ಮೂರ್ನಾಲ್ಕು ಲೀಟರ್ ಬೇಕು. ಇಷ್ಟು ಹೊತ್ತಿನೊಳಗೆ ಇಷ್ಟು ಸುತ್ತು ಆಗಬೇಕು ಎಂದು ಒಳಗೆ ಬರೆದಿಟ್ಟಿರುತ್ತಾರೆ. ಆಗಲಿಲ್ಲವೆಂದರೆ ಯಂತ್ರ ನಿಲ್ಲುತ್ತದೆ, ಕೋಡ್ ತೋರಿಸುತ್ತದೆ, ವೈಫೈ ಮೂಲಕ ಅದೇ ಕೋಡ್ ಮಗನ ಫೋನಿಗೆ ಹೋಗುತ್ತದೆ. ಟ್ಯಾಂಕ್ ಖಾಲಿಯೋ, ಮರಳು ಕಟ್ಟಿದೆಯೋ, ಪ್ಲಂಬರ್ ನಲ್ಲಿಯನ್ನು ಅರ್ಧ ತಿರುಗಿಸಿ ಬಿಟ್ಟು ಹೋದರೋ, ಆ ಚಕ್ರಕ್ಕೆ ಎಲ್ಲವೂ ಒಂದೇ. ಆದ್ದರಿಂದ ಆ್ಯಪ್‌ಗೂ ಒಂದೇ. ನಿಮ್ಮ ಮಗ ಹೇಳಿದ್ದು ಅರ್ಧ ನಿಜ. ಯಂತ್ರ ಎಲ್ಲಿ ನಿಂತಿತು ಎಂದು ಆ್ಯಪ್‌ನಲ್ಲಿ ಗೊತ್ತಾಗುತ್ತದೆ. ಯಾಕೆ ನಿಂತಿತು ಎಂದು ಗೊತ್ತಾಗಬೇಕಾದರೆ ಅಡುಗೆಮನೆಯಲ್ಲಿ ಬಗ್ಗಿ ನೋಡಬೇಕು.

ನೀವು ಮಾತಿನ ನಡುವೆ ಬರೆದ ಒಂದು ವಿಷಯ ನನಗೆ ಬಹಳ ಮುಖ್ಯ: ಮೂರನೇ ಮಹಡಿ, ಮೇಲೆ ತಾರಸಿ. ಟ್ಯಾಂಕ್ ನಿಮ್ಮ ತಲೆಯ ಮೇಲೇ ಇದೆ, ಅಲ್ವಾ? ಟ್ಯಾಂಕ್ ಹತ್ತಿರ ಇದ್ದಷ್ಟೂ ನೀರು ಚೆನ್ನಾಗಿ ಬರುತ್ತದೆ ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ಆಗುವುದು ಅದರ ಉಲ್ಟಾ. ಪಂಪ್ ಇಲ್ಲದ ಮನೆಯಲ್ಲಿ ಒತ್ತಡ ಬರುವುದು ಎತ್ತರದಿಂದ ಮಾತ್ರ. ಹತ್ತು ಮೀಟರ್ ಎತ್ತರದ ನೀರಿನಿಂದ ಸುಮಾರು 1 ಬಾರ್ ಒತ್ತಡ ಬರುತ್ತದೆ. ನಿಮ್ಮ ಯಂತ್ರ ಕೇಳುವುದು ಕಡಿಮೆ ಎಂದರೂ 0.5 ಬಾರ್. ಅಂದರೆ ನಲ್ಲಿಯಿಂದ ಐದು ಮೀಟರ್ ಮೇಲೆ ನೀರಿನ ಮಟ್ಟ ಇರಬೇಕು.

ಲೆಕ್ಕ ಹಾಕಿ ನೋಡೋಣ. ಯಂತ್ರದ ನಲ್ಲಿ ನೆಲದಿಂದ ಅರ್ಧ ಮೀಟರ್ ಮೇಲಿದೆ ಎಂದುಕೊಳ್ಳಿ. ನೆಲದಿಂದ ತಾರಸಿಗೆ ಮೂರು ಮೀಟರ್, ಅಂದರೆ ನಲ್ಲಿಯಿಂದ ಎರಡೂವರೆ. ಟ್ಯಾಂಕ್ ಇಟ್ಟ ಕಟ್ಟೆ ಒಂದು ಮೀಟರ್. ಟ್ಯಾಂಕ್ ತುಂಬಿದಾಗ ಒಳಗಿನ ನೀರು ಇನ್ನೊಂದು ಮೀಟರ್. ಒಟ್ಟು ನಾಲ್ಕೂವರೆ ಮೀಟರ್, 0.45 ಬಾರ್. ಟ್ಯಾಂಕ್ ಭರ್ತಿ ಇದ್ದಾಗಲೇ ಅಳತೆ ಸ್ವಲ್ಪ ಕಡಿಮೆ. ತಳಕ್ಕೆ ಬಂದಾಗ 0.35. ಇದು ಎಲ್ಲ ನಲ್ಲಿಗಳೂ ಮುಚ್ಚಿದ್ದಾಗಿನ ಲೆಕ್ಕ. ಬಚ್ಚಲುಮನೆಯಲ್ಲಿ ಷವರ್ ತೆರೆದರೆ ಅದೇ ಪೈಪಿನಲ್ಲಿ ಒತ್ತಡ ಇನ್ನೂ ಬೀಳುತ್ತದೆ. ರಾತ್ರಿ ಟ್ಯಾಂಕ್ ತುಂಬಿರುತ್ತದೆ, ಯಾರೂ ನೀರು ಬಳಸುವುದಿಲ್ಲ, ಯಂತ್ರ ಹೇಗೋ ನಿಭಾಯಿಸುತ್ತದೆ. ಬೆಳಿಗ್ಗೆ ಆಗುವುದಿಲ್ಲ. ನಿಮ್ಮ ಮನೆಯ ಅಳತೆ ಸ್ವಲ್ಪ ಆಚೀಚೆ ಇರಬಹುದು. ಒಂದು ಟೇಪ್ ಹಿಡಿದು ನೀವೇ ಅಳೆಯಿರಿ. ಕೆಳಗಿನ ಮನೆಯವರಿಗೆ ಇದೇ ಯಂತ್ರ ಇದ್ದಿದ್ದರೆ ಅವರಿಗೆ ಈ ತೊಂದರೆ ಬರುತ್ತಿರಲಿಲ್ಲ. ಅವರಿಗೆ ಮೂರು ಮೀಟರ್ ಹೆಚ್ಚು ಸಿಗುತ್ತದೆ.

ಹಾಗಿದ್ದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸರಿಯಾಗಿ ಓಡಿದ್ದು ಹೇಗೆ ಎಂದು ನೀವು ಕೇಳುತ್ತೀರಿ. ಕೇಳಲೇಬೇಕಾದ ಮಾತು. ಮೊದಲೇ ಅಂಚಿನಲ್ಲಿದ್ದ ಯಂತ್ರ ಇದು. ಎರಡು ತಿಂಗಳ ಹಿಂದೆ ಏನೋ ಒಂದು ಅದನ್ನು ಅಂಚಿನಿಂದ ಆಚೆ ತಳ್ಳಿದೆ. ನನ್ನ ಅನುಮಾನ ಎರಡರ ಮೇಲೆ. ಒಂದು, ಜಾಲರಿಯಲ್ಲಿ ಮರಳು. ಇನ್ನೊಂದು, ಬೇಸಿಗೆಯಲ್ಲಿ ಬದಲಾದ ನೀರು. ಬೇಸಿಗೆಯಲ್ಲಿ ಕಾರ್ಪೊರೇಷನ್ ನೀರು ಸಾಲದೆ ನೆಲದಡಿಯ ಸಂಪ್‌ಗೆ ಬೋರ್‌ವೆಲ್ ನೀರನ್ನೋ, ಟ್ಯಾಂಕರ್ ನೀರನ್ನೋ ಬಿಡಿಸುತ್ತಿದ್ದಾರಾ? ಕಟ್ಟಡದಲ್ಲಿ ಪಂಪ್ ನೋಡಿಕೊಳ್ಳುವವರನ್ನು ಕೇಳಿ. ಹೌದು ಎಂದಾದರೆ ನಿಮ್ಮ ಬಿಳಿ ಪದರದ ಉತ್ತರವೂ ಅಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಬಕೆಟ್ ಪರೀಕ್ಷೆ ಮಾಡಿ. ಯಂತ್ರದ ಪ್ಲಗ್ ತೆಗೆಯಿರಿ. ನಲ್ಲಿ ಮುಚ್ಚಿ ಪೈಪ್ ಬಿಚ್ಚಿ. ನಲ್ಲಿಯ ಕೆಳಗೆ ಒಂದು ಲೀಟರ್ ಅಳತೆಯ ಪಾತ್ರೆ ಹಿಡಿದು ಪೂರ್ತಿ ತೆರೆಯಿರಿ. ಫೋನಿನ ಸ್ಟಾಪ್‌ವಾಚ್‌ನಲ್ಲಿ ಎಷ್ಟು ಸೆಕೆಂಡಿಗೆ ತುಂಬಿತು ಎಂದು ಬರೆದುಕೊಳ್ಳಿ. ಇದನ್ನು ರಾತ್ರಿ ಹತ್ತಕ್ಕೆ ಒಮ್ಮೆ, ಬೆಳಿಗ್ಗೆ ಏಳೂಮುಕ್ಕಾಲಿಗೆ ಒಮ್ಮೆ ಮಾಡಿ. ಬೆಳಿಗ್ಗೆ ಮನೆಯಲ್ಲಿ ಯಾರಾದರೂ ಸ್ನಾನ ಮಾಡುತ್ತಿರುವಾಗಲೇ ಮಾಡಿ. ಸಾಮಾನ್ಯವಾಗಿ ನಿಮಿಷಕ್ಕೆ ಹತ್ತು ಲೀಟರ್ ಬರುವ ನಲ್ಲಿ ಸಾಕು. ಅಂದರೆ ಲೀಟರಿಗೆ ಆರು ಸೆಕೆಂಡ್. ರಾತ್ರಿ ಏಳೆಂಟು ಸೆಕೆಂಡ್, ಬೆಳಿಗ್ಗೆ ಇಪ್ಪತ್ತು ಸೆಕೆಂಡ್ ಬಂದರೆ ಕಾರಣ ಸಿಕ್ಕಿತು. ಈ ಎರಡು ಅಂಕಿಗಳಷ್ಟು ಸ್ಪಷ್ಟವಾಗಿ ಯಾವ ಆ್ಯಪ್ ಕೂಡ ಹೇಳುವುದಿಲ್ಲ.

ಪೈಪ್ ಬಿಚ್ಚಿದಾಗಲೇ ಅದರ ಬಾಯಲ್ಲಿರುವ ಪುಟ್ಟ ಜಾಲರಿ ನೋಡಿ. ಸಣ್ಣ ಇಕ್ಕಳದಿಂದ ಮೆಲ್ಲನೆ ಎಳೆದರೆ ಬರುತ್ತದೆ. ಮರಳು, ತುಕ್ಕಿನ ಚೂರು, ಬಿಳಿ ಸುಣ್ಣ, ಏನಿದೆಯೋ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಒತ್ತಡ ಕಡಿಮೆ ಇರುವ ಮನೆಯಲ್ಲಿ ಅರ್ಧ ಕಟ್ಟಿದ ಜಾಲರಿ ಸಾಕು ಯಂತ್ರ ನಿಲ್ಲಿಸಲು. ಜಾಲರಿ ಇಲ್ಲದೆ ಯಂತ್ರ ಓಡಿಸಬೇಡಿ, ಮರಳು ಒಳಗಿನ ವಾಲ್ವ್‌ಗೆ ಹೋಗುತ್ತದೆ.

ಒಂದು ಎಚ್ಚರಿಕೆ. ಪೈಪಿನ ನಲ್ಲಿ ಕಡೆಯ ತುದಿಯಲ್ಲಿ ದಪ್ಪನೆಯ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದು ಆಕ್ವಾಸ್ಟಾಪ್. ಸೋರಿಕೆ ಆದರೆ ನೀರನ್ನು ನಲ್ಲಿಯ ಬಳಿಯೇ ನಿಲ್ಲಿಸುವ ವಿದ್ಯುತ್ ವಾಲ್ವ್ ಅದರೊಳಗಿದೆ. ಅದಕ್ಕೆ ಹೋಗುವ ವೈರ್ ಪೈಪಿನ ಒಳಗೇ ಇದೆ. ಆ ಪೈಪನ್ನು ಕತ್ತರಿಸಬಾರದು, ಡಬ್ಬಿಯನ್ನು ನೀರಿನಲ್ಲಿ ಅದ್ದಬಾರದು. ಉದ್ದ ಜಾಸ್ತಿ ಆಯಿತೆಂದು ಪ್ಲಂಬರ್ ಬ್ಲೇಡ್ ಕೈಗೆ ತೆಗೆದುಕೊಂಡರೆ ದಯವಿಟ್ಟು ತಡೆಯಿರಿ.

ಜಾಲರಿ ತೊಳೆದ ಮೇಲೂ ಬೆಳಿಗ್ಗೆ ನೀರು ಸಣ್ಣಗೇ ಬಂದರೆ, ಖರ್ಚಿಲ್ಲದ ದಾರಿ ಮೊದಲು ನೋಡಿ. ಬೆಳಗಿನ ಪಾತ್ರೆಗಳನ್ನು ಯಂತ್ರದೊಳಗೆ ಇಡುತ್ತಾ ಹೋಗಿ, ಟ್ಯಾಂಕ್ ತುಂಬಿಸಿದ ಮೇಲೆ ಓಡಿಸಿ. ಮನೆ ಮಂದಿ ಕಡಿಮೆ ಇದ್ದರೆ ರಾತ್ರಿ ಒಂದೇ ಸಲ ಸಾಕು. ತಡವಾಗಿ ಶುರುವಾಗುವಂತೆ ಹೊತ್ತು ಕೊಡುವ ಸೌಲಭ್ಯ ಯಂತ್ರದಲ್ಲೂ ಇದೆ, ಆ್ಯಪ್‌ನಲ್ಲೂ ಇದೆ. ಅದು ಬೇಡ, ಬೆಳಿಗ್ಗೆಯೇ ಓಡಬೇಕು ಎಂದರೆ ಚಿಕ್ಕ ಪ್ರೆಶರ್ ಪಂಪ್ ಹಾಕಿಸಿ. ಯಂತ್ರ 10 ಬಾರ್‌ವರೆಗೆ ತಡೆಯುತ್ತದೆ, ಮನೆಯ ಪಂಪ್ ಅಷ್ಟು ಮೇಲೆ ಹೋಗುವುದಿಲ್ಲ. ಷವರ್‌ಗೂ ಅದರಿಂದ ಒಳ್ಳೆಯದಾಗುತ್ತದೆ. ಟ್ಯಾಂಕ್ ಕಟ್ಟೆ ಎತ್ತರಿಸಿದರೆ ಪ್ರತಿ ಮೀಟರಿಗೆ ಸಿಗುವುದು ಬರೀ 0.1 ಬಾರ್. ಆ ಕಾಂಕ್ರೀಟ್ ಖರ್ಚಿಗೆ ಅದು ಸಾರ್ಥಕ ಅಲ್ಲ ಎಂದು ನನ್ನ ಅಭಿಪ್ರಾಯ.

ಬೋರ್ಡ್ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಕೆಟ್ ಪರೀಕ್ಷೆಯಲ್ಲಿ ಬೆಳಿಗ್ಗೆಯೂ ನೀರು ಜೋರಾಗಿ ಬಂದು, ಜಾಲರಿ ಶುದ್ಧವಾಗಿದ್ದು, ಆದರೂ ಅದೇ ಕೋಡ್ ಬಂದರೆ ವಾಲ್ವ್, ಆ ಎಣಿಸುವ ಚಕ್ರ, ಬೋರ್ಡ್ ಈ ಮೂರರಲ್ಲಿ ಒಂದು. ಆಗ ರಿಪೇರಿಯವರನ್ನು ಕರೆದು ಒಂದೇ ಪ್ರಶ್ನೆ ಕೇಳಿ: "ಯಂತ್ರ ನೀರು ಕೇಳುವಾಗ ವಾಲ್ವ್‌ಗೆ ಕರೆಂಟ್ ಬರುತ್ತಿದೆಯಾ, ಮೀಟರ್ ಹಿಡಿದು ನೋಡಿದಿರಾ?" ಕರೆಂಟ್ ಬಂದೂ ನೀರು ಬರದಿದ್ದರೆ ವಾಲ್ವ್ ಕೆಟ್ಟಿದೆ. ನೀರು ಚೆನ್ನಾಗಿ ನುಗ್ಗುತ್ತಿದ್ದರೂ ಕೋಡ್ ಬಂದರೆ ಚಕ್ರದ ಮೇಲೆ ಅನುಮಾನ. ಕರೆಂಟೇ ಬರದಿದ್ದರೆ ವೈರ್ ನೋಡಿ, ಕೊನೆಗೆ ಬೋರ್ಡ್. ಮೀಟರ್ ಹಿಡಿಯದೆ ಬೋರ್ಡ್ ಹೋಗಿದೆ ಎಂದವರಿಗೆ ಹದಿನಾಲ್ಕು ಸಾವಿರ ಕೊಡಬೇಡಿ. ವಾರಂಟಿ ಇನ್ನೂ ಉಳಿದಿದೆಯಾ ಎಂದು ಬಿಲ್ ತೆಗೆದು ನೋಡಿ. ಒಂದೂವರೆ ವರ್ಷದ ಯಂತ್ರಕ್ಕೆ ಇರುವ ಸಾಧ್ಯತೆ ಇದೆ. ಹಾಗಿದ್ದರೆ ಕಂಪನಿಯ ಸರ್ವಿಸ್‌ನವರನ್ನು ಬಿಟ್ಟು ಬೇರೆಯವರಿಗೆ ಬಿಚ್ಚಲು ಕೊಡಬೇಡಿ.

ಇನ್ನು ಬಿಳಿ ಪದರ. ಇದರ ಬಗ್ಗೆ ಆ್ಯಪ್ ಒಂದು ಮಾತೂ ಆಡುವುದಿಲ್ಲ, ಆಡಲು ಅದಕ್ಕೆ ಬರುವುದೂ ಇಲ್ಲ. ಪಾತ್ರೆ ಬೆಳಗಿದೆಯೋ ಇಲ್ಲವೋ ನೋಡುವ ಕಣ್ಣು ಯಂತ್ರದೊಳಗಿಲ್ಲ. ನೀರು ಎಷ್ಟು ಬಗ್ಗಡ ಎಂದು ನೋಡುವ ಸೆನ್ಸರ್ ಇದೆ, ಬಿಸಿ ಅಳೆಯುವುದಿದೆ, ನೀರನ್ನು ಮೆದು ಮಾಡಲು ಯಂತ್ರಕ್ಕೆ ಹಾಕುವ ಉಪ್ಪು ಮುಗಿದಿದೆಯೇ ಎಂದು ಹೇಳುವುದಿದೆ. ಆದರೆ ಗಡಸು ನೀರಿನ ಲೆಕ್ಕವನ್ನು ನಾವೇ ಹೇಳಿಕೊಡಬೇಕು. ಹೇಳಿದ್ದು ತಪ್ಪಾಗಿದ್ದರೆ ಯಂತ್ರ ತಪ್ಪನ್ನೇ ನಂಬಿಕೊಂಡು ಕೆಲಸ ಮಾಡುತ್ತದೆ, ಆ್ಯಪ್‌ನಲ್ಲಿ ಎಲ್ಲ ಸರಿ ಎಂದೇ ತೋರಿಸುತ್ತದೆ. ಯಂತ್ರ ನಿಂತರೆ ಎಲ್ಲರೂ ಓಡಿ ಬರುತ್ತಾರೆ. ಇಂಥ ತೊಂದರೆ ಸದ್ದಿಲ್ಲದೆ ವರ್ಷಗಟ್ಟಲೆ ನಡೆಯುತ್ತದೆ. ಅದಕ್ಕೇ ನನಗೆ ಇದರ ಮೇಲೆ ಜಾಸ್ತಿ ಕಾಳಜಿ.

ಒಂದು ಲೋಟದ ಮೇಲೆ ನಿಂಬೆಹೋಳು ತಿಕ್ಕಿ ನೋಡಿ. ಪದರ ಹೋದರೆ ಅದು ಸುಣ್ಣ. ಗಾಜಿನ ಲೋಟದಲ್ಲಿ ಎಷ್ಟು ತಿಕ್ಕಿದರೂ ಹೋಗದಿದ್ದರೆ ಗಾಜೇ ಸವೆದಿದೆ, ಅದಕ್ಕೆ ಮದ್ದಿಲ್ಲ. ಸುಣ್ಣ ಎಂದಾದರೆ ಯಂತ್ರದಲ್ಲಿ ಗಡಸುತನದ ಸೆಟ್ಟಿಂಗ್ ತೆರೆಯಿರಿ. ಎಚ್:00ರಿಂದ ಎಚ್:07ರವರೆಗೆ ಇರುತ್ತದೆ. ಇದು ಜರ್ಮನ್ ಅಳತೆ. ಆ ಅಳತೆಯ ಒಂದು ಡಿಗ್ರಿ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 17.8 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ಎಚ್:00 ಅಂದರೆ ಆರು ಡಿಗ್ರಿವರೆಗಿನ ಮೆದು ನೀರು, ಹೆಚ್ಚೆಂದರೆ ನೂರು ಚಿಲ್ಲರೆ ಪಿಪಿಎಂ. ಎಚ್:07 ಅಂದರೆ 31ರಿಂದ 50 ಡಿಗ್ರಿ, ಅಂದರೆ ಸುಮಾರು 550ರಿಂದ 890 ಪಿಪಿಎಂ. ಯಂತ್ರ ಕೂರಿಸಿದ ದಿನ ನದಿ ನೀರಿಗೆ ಹೊಂದಿಸಿದ್ದನ್ನು ಬೋರ್‌ವೆಲ್ ನೀರು ಬಂದ ಮೇಲೆ ಯಾರೂ ಮುಟ್ಟಿರುವುದಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಆಗಿರಬಹುದು.

ಗಡಸುತನ ಅಳೆಯಲು ಕಾಗದದ ಪಟ್ಟಿ ಸಿಗುತ್ತದೆ, ಅದನ್ನೇ ಬಳಸಿ. ಆರ್‌ಒ ಸರ್ವಿಸ್‌ನವರು ತರುವ ಟಿಡಿಎಸ್ ಪೆನ್ ಇಲ್ಲಿ ಪ್ರಯೋಜನವಿಲ್ಲ. ಅದು ನೀರಿನಲ್ಲಿ ಕರಗಿದ ಎಲ್ಲವನ್ನೂ ಸೇರಿಸಿ ಅಂದಾಜು ತೋರಿಸುತ್ತದೆ. ಗಡಸುತನ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಾತ್ರ. ಉಪ್ಪು ಡಿಶ್‌ವಾಷರ್‌ನದೇ ಆಗಿರಲಿ. ಅಡುಗೆಯ ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲು ಸೇರಿಸಿದ ಪದಾರ್ಥಗಳಿರುತ್ತವೆ, ಅವು ಒಳಗಿನ ದಾರಿ ಕಟ್ಟಿಸುತ್ತವೆ. ಸೋಪು, ಉಪ್ಪು ಎಲ್ಲ ಒಂದರಲ್ಲೇ ಇದೆ ಅನ್ನುವ ಆಲ್ ಇನ್ ಒನ್ ಡಿಶ್‌ವಾಷರ್ ಮಾತ್ರೆ ಹಾಕಿದರೆ ಉಪ್ಪು ಬೇಡ ಅನ್ನುವ ಮಾತು ನಮ್ಮ ಬೋರ್‌ವೆಲ್ ನೀರಿಗೆ ಸಲ್ಲುವುದಿಲ್ಲ. ಹೀಗೇ ಬಿಟ್ಟರೆ ಸುಣ್ಣ ಹೀಟರ್ ಮೇಲೆ ಕೂರುತ್ತದೆ. ಆಗ ಮಾತ್ರ ಆ್ಯಪ್‌ಗೆ ಸುದ್ದಿ ಮುಟ್ಟುತ್ತದೆ, ಇ:20-60 ಎಂದು ಬರುತ್ತದೆ.

ಬೇರೆ ಕೋಡ್‌ಗಳ ಬಗ್ಗೆಯೂ ನಾಲ್ಕು ಮಾತು ಹೇಳಿಬಿಡುತ್ತೇನೆ. ಇ:61-03, ಹಳೆಯದರಲ್ಲಿ ಇ24, ಅಂದರೆ ಕೊಳೆ ನೀರು ಹೊರಗೆ ಹೋಗುತ್ತಿಲ್ಲ. ನಮ್ಮ ಮನೆಗಳಲ್ಲಿ ಇದಕ್ಕೆ ಸಾಸಿವೆ, ಕರಿಬೇವಿನ ಕಡ್ಡಿ, ಹುಣಸೆ ನಾರು, ಅನ್ನದ ಅಗುಳು ಕಾರಣ. ಕೆಳಗಿನ ಫಿಲ್ಟರ್ ತೆಗೆದು ತೊಳೆಯಿರಿ, ಸಿಂಕ್ ಕೆಳಗಿನ ಪೈಪ್ ನೋಡಿ. ಫಿಲ್ಟರ್ ಅಡಿಯ ಪಂಪ್ ಮುಚ್ಚಳ ತೆಗೆದರೆ ಮತ್ತೆ ಕ್ಲಿಕ್ ಅನ್ನುವ ತನಕ ಒತ್ತಿ ಕೂರಿಸಿ. ಅದು ಸಡಿಲ ಇದ್ದರೂ ಯಂತ್ರ ದೂರು ಹೇಳುತ್ತದೆ. ಗಾಜಿನ ಚೂರು ಇರಬಹುದು, ಬರಿಗೈ ಹಾಕಬೇಡಿ.

ಇ:30-00, ಹಳೆಯದರಲ್ಲಿ ಇ15, ಬಂದರೆ ಮೊದಲು ನಲ್ಲಿ ಮುಚ್ಚಿ. ಯಂತ್ರದ ತಳದ ತಟ್ಟೆಯಲ್ಲಿ ನೀರು ಸೇರಿದೆ ಎಂದು ಅರ್ಥ. ನಾನು ನೋಡಿದ ಮನೆಗಳಲ್ಲಿ ಎಷ್ಟೋ ಸಲ ಇದು ಸೋರಿಕೆಯೇ ಅಲ್ಲ. ಡಿಶ್‌ವಾಷರ್ ಪುಡಿ ಮುಗಿದಿತ್ತೆಂದು ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿರುತ್ತಾರೆ. ನೊರೆ ಉಕ್ಕಿ ತಳಕ್ಕೆ ಇಳಿದಿರುತ್ತದೆ. ಹಾಗೆ ಮಾಡಿದ್ದರೆ ರಿಪೇರಿಯವರಿಗೆ ಮುಚ್ಚಿಡದೆ ಹೇಳಿ, ಅವರ ಅರ್ಧ ಗಂಟೆ ಉಳಿಯುತ್ತದೆ.

ಆ್ಯಪ್‌ನಲ್ಲಿ ಯಂತ್ರ ಆಫ್‌ಲೈನ್ ಎಂದು ಬಂದರೆ ಗಾಬರಿ ಬೇಡ. ಕರೆಂಟ್ ಹೋಗಿ ಬಂದಾಗ ರೌಟರ್ ಎದ್ದೇಳಲು ಹೊತ್ತು ಬೇಕು. ಇಂಥ ಯಂತ್ರಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಹೊಸ ರೌಟರ್ ಹಾಕಿಸಿದ ಮೇಲೆ ಆ್ಯಪ್‌ಗೆ ಯಂತ್ರ ಸಿಗದಿದ್ದರೆ ಅದನ್ನೇ ಮೊದಲು ನೋಡಬೇಕು. ಪಾತ್ರೆ ತೊಳೆಯುವುದಕ್ಕೆ ವೈಫೈ ಬೇಕಾಗಿಯೇ ಇಲ್ಲ.

ಕೊನೆಗೆ ಒಂದು ಕೋರಿಕೆ. ಆ್ಯಪ್ ನಿಮ್ಮ ಫೋನಿನಲ್ಲೂ ಇರಲಿ. ಯಂತ್ರದ ಪಕ್ಕದಲ್ಲಿ ನಿಂತಿರುವವರು ನೀವು. ನಸುಕಿನ ನಾಲ್ಕು ಗಂಟೆಗೆ ಅಲ್ಲಿ ಫೋನ್ ಕಿರುಗುಟ್ಟಿದರೆ ಅವನೇನು ಮಾಡಿಯಾನು, ಪಾಪ. ಮಗನಿಗೂ ಇರಲಿ, ವಾರಕ್ಕೊಮ್ಮೆ ಕೂತು ಇಬ್ಬರೂ ನೋಡಬಹುದು. ಸೂಚನೆ ಬಂದಾಗ ಸ್ಕ್ರೀನ್‌ಶಾಟ್ ತೆಗೆದಿಡಿ, ಟ್ಯಾಂಕ್ ಎಷ್ಟಿತ್ತು, ಮನೆಯಲ್ಲಿ ಯಾರು ನೀರು ಬಳಸುತ್ತಿದ್ದರು ಎಂದು ಒಂದು ಸಾಲು ಬರೆದಿಡಿ. ಹತ್ತು ದಿನ ಸಾಕು. ಬಕೆಟ್ ಪರೀಕ್ಷೆಯ ಎರಡು ಅಂಕಿ, ಕಾಗದದ ಪಟ್ಟಿಯ ಬಣ್ಣ, ಈ ಹತ್ತು ಸಾಲು, ಇಷ್ಟನ್ನು ನನಗೆ ಕಳಿಸಿ. ಪಂಪ್ ಬೇಕಾ ಬೇಡವಾ ಎಂದು ಆಗ ಖಚಿತವಾಗಿ ಹೇಳುತ್ತೇನೆ.